ಸೀದಾ ಓಡಲು ಬಾರದವನ ಕೈಗೆ ಸಿಕ್ಕ ಚೆಂಡು

ನಾನು ಒಂದು ಚೆಂಡು. ದುಂಡಗಿನದಲ್ಲ, ಅಂಥ ಸಾಮಾನ್ಯ ಕುಲದಲ್ಲಿ ನಾನು ಹುಟ್ಟಿಲ್ಲ. ದುಂಡು ಚೆಂಡಿಗೆ ಸ್ವಂತ ಬುದ್ಧಿಯೇ ಇರುವುದಿಲ್ಲ, ಒದ್ದ ಕಡೆ ಹೋಗುತ್ತದೆ ಅಷ್ಟೆ. ನಾನು ಮೊಟ್ಟೆಯಾಕಾರದವನು. ನೆಲಕ್ಕೆ ಬಿದ್ದರೆ ಎಡಕ್ಕೆ ಹಾರುತ್ತೇನೋ ಬಲಕ್ಕೋ, ಅದು ನನಗೂ ದೇವರಿಗೂ ಮಾತ್ರ ಗೊತ್ತು. ದೇವರಿಗೆ ಸ್ವಲ್ಪ ತಡವಾಗಿ ಗೊತ್ತಾಗುತ್ತದೆ.

ಹುಟ್ಟಿದ್ದು ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ. ನಾಲ್ಕು ತುಂಡು ಕೆಂಪು ಚರ್ಮವನ್ನು ಒಳಮೈ ಹೊರಗಾಗಿ ಹೊಲಿದು, ಆಮೇಲೆ ಮಗುಚಿ, ರಬ್ಬರಿನ ಚೀಲ ತುರುಕಿ, ಗಾಳಿ ತುಂಬಿ, ದಾರ ಬಿಗಿದರು. ನನ್ನನ್ನು ತಕ್ಕಡಿಯಲ್ಲಿ ಇಟ್ಟ ಕ್ಷಣ ಕಾರ್ಖಾನೆಯ ಯಂತ್ರಗಳೆಲ್ಲ ತಾವಾಗಿ ನಿಂತವು. ಕರೆಂಟು ಹೋಗಿತ್ತು ಎಂದು ಹೊಟ್ಟೆಕಿಚ್ಚಿನವರು ಹೇಳುತ್ತಾರೆ. ನನ್ನ ಪಕ್ಕದ ಸಾಲಿನಲ್ಲಿ ಹಳದಿ ಚೆಂಡುಗಳಿದ್ದವು, ದೀಪದ ಬೆಳಕಿನ ಪಂದ್ಯಗಳಿಗಾಗಿ. ಪಾಪ, ಹುಟ್ಟುತ್ತಲೇ ಕಾಮಾಲೆ.

ಹುಟ್ಟಿದ ತಿಂಗಳಲ್ಲೇ ವಾಟಲ್ ಬೇ ಎಂಬ ಕ್ಲಬ್ಬಿನ ಪಂದ್ಯಕ್ಕೆ ಆಯ್ಕೆಯಾದೆ. ಮೈದಾನದಲ್ಲಿ ಹತ್ತು ಲಕ್ಷ ಜನ ಸೇರಿದ್ದರು. ನಲವತ್ತು ಸಾವಿರ ಅಂತ ಪೇಪರಿನಲ್ಲಿ ಬಂತು; ಪೇಪರಿನವರಿಗೆ ಲೆಕ್ಕ ಬಾರದು.

ಆಸ್ಟ್ರೇಲಿಯಾದವರದೇ ಆದ ಈ ಫುಟ್‌ಬಾಲ್ ಆಟದ ಬಗ್ಗೆ ಒಂದು ಮಾತು. ಆಚೆ ತುದಿಯಲ್ಲೂ ಈಚೆ ತುದಿಯಲ್ಲೂ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ನನ್ನನ್ನು ಒದ್ದರೆ ಆರು ಅಂಕ. ಗುರಿ ತಪ್ಪಿ ಪಕ್ಕದ ಕಂಬಗಳ ಮಧ್ಯೆ ಹೋದರೆ? ಅದಕ್ಕೂ ಒಂದು ಅಂಕ! ತಪ್ಪಿದ್ದಕ್ಕೂ ಬಹುಮಾನ ಕೊಡುವ ಜನ ಇವರು. ಇಷ್ಟು ಉದಾರವಾದ ಆಟದಲ್ಲೂ ಸೋಲುವುದಕ್ಕೆ ವಿಶೇಷ ಪ್ರತಿಭೆ ಬೇಕು. ಅಂಥ ಪ್ರತಿಭಾವಂತ ಅಂದು ತನ್ನ ಮೊದಲ ಪಂದ್ಯ ಆಡಲು ಬಂದಿದ್ದ.

ಹೆಸರು ಗುರುಸಿದ್ಧ. ವಯಸ್ಸು ಹತ್ತೊಂಬತ್ತು. ಕೊಕ್ಕರೆಗೆ ಬೂಟು ಹಾಕಿದಂತಿದ್ದ. ಧಾರವಾಡದಿಂದ ಆರು ವರ್ಷದವನಿದ್ದಾಗ ಬಂದವನಂತೆ. ಜೊತೆಯ ಆಟಗಾರರು ಅವನನ್ನು ‘ಸಿಡ್’ ಎಂದು ಕರೆಯುತ್ತಿದ್ದರು. ಕ್ಲಬ್ಬಿನೊಂದಿಗೆ ಅವನ ಕರಾರು ಒಂದೇ ವರ್ಷದ್ದು.

ಪಂದ್ಯದ ಕೊನೆಯ ನಿಮಿಷ. ಎರಡೂ ತಂಡ ಸಮಸಮ. ನಾನು ಮುಗಿಲಿಗೆ ಹಾರಿ, ಅಲ್ಲಿ ಹೋಗುತ್ತಿದ್ದ ವಿಮಾನದ ಪೈಲಟ್‌ಗೆ ಕಣ್ಣು ಹೊಡೆದು ಇಳಿದಾಗ, ಈ ಕೊಕ್ಕರೆ ನನ್ನನ್ನು ಹಿಡಿದ. ಹಾಗೆ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದವನಿಗೆ ಆರಾಮವಾಗಿ ಹಿಂದೆ ಸರಿದು ಒದೆಯುವ ಹಕ್ಕು ಸಿಗುತ್ತದೆ. ಆಟ ಮುಗಿದ ಸೈರನ್ ಕೂಗಿದರೂ ಆ ಹಕ್ಕು ಹೋಗುವುದಿಲ್ಲ. ಒಂದೇ ಷರತ್ತು: ಎದುರಿಗೆ ನಿಂತ ಎದುರಾಳಿಯ ತಲೆಯ ಮೇಲಿಂದಲೇ, ಸೀದಾ ಗೆರೆಯಲ್ಲಿ ಓಡಿಬಂದು ಒದೆಯಬೇಕು. ಪಕ್ಕಕ್ಕೆ ಸರಿದರೆ ಹಕ್ಕು ಮುಗಿಯಿತು.

ಸೈರನ್ ಕೂಗಿತು. ಗುರಿ ತಪ್ಪಿದರೂ ಒಂದು ಅಂಕ, ಗೆಲುವು. ಕಣ್ಣು ಮುಚ್ಚಿ ಒದ್ದರೂ ಸಾಕಿತ್ತು. ಈ ಮಹಾನುಭಾವ ಆರು ಹೆಜ್ಜೆ ಓಡಿ, ಏಳನೆಯದಕ್ಕೆ, ಅಲ್ಲಿಲ್ಲದ ಯಾವುದನ್ನೋ ಸುತ್ತಿ ಹೋಗುವವನಂತೆ ಬಲಕ್ಕೆ ತಿರುಗಿದ! ಅಂಪೈರ್ ಕೈ ಎತ್ತಿ ಸೀಟಿ ಊದಿದ. ಪಂದ್ಯ ಡ್ರಾ. ಹತ್ತು ಲಕ್ಷ ಜನ ಏಕಕಾಲಕ್ಕೆ ಬೈದರು.

ಕೋಚ್ ಡೆರಿಕ್ ಮೋಲ್ ನನ್ನನ್ನು ಅವನ ಎದೆಗೆ ಎಸೆದರು. “ಮನೆಗೆ ತಗೊಂಡು ಹೋಗು. ಸೀದಾ ಓಡೋದು ಕಲಿ. ಅಲ್ಲಿವರೆಗೆ ಎರಡನೇ ತಂಡದಲ್ಲಿ ಆಡ್ತಿರು. ಆಗಸ್ಟ್ ಒಳಗೆ ಕಲೀಲಿಲ್ಲ ಅಂದ್ರೆ ಕರಾರು ಮುಂದುವರಿಸಲ್ಲ.”

ಹೀಗೆ ನಾನು, ಹತ್ತು ಲಕ್ಷ ಜನರ ಕಣ್ಮಣಿ, ಒಬ್ಬ ಟ್ರಾಮ್ ಡ್ರೈವರನ ಮನೆ ಸೇರಿದೆ. ಅಪ್ಪ ವೀರಭದ್ರಪ್ಪ ಬಾಗಿಲಲ್ಲೇ ಕಾದಿದ್ದರು.

“ಏನಲೇ, ಸೀದಾ ನಾಕ ಹೆಜ್ಜಿ ಇಡಾಕ ಬರೂದಿಲ್ಲೇನು ನಿನಗ? ಕುಡದಾವರ ಗತೆ ಸೊಟ್ಟ ಹೋದ್ಯಲ್ಲೋ!”

“ಬಾಯಿ ಮುಚ್ರಿ ನೀವು, ಹುಡುಗ ಇನ್ನಾ ಉಂಡಿಲ್ಲ,” ಎಂದು ತಾಯಿ ಕಸ್ತೂರೆವ್ವ ಬಂದವರು ನನ್ನನ್ನು ನೋಡಿ ನಿಂತರು. “ಏನಪಾ ಅದು ಕೈಯಾಗ?”

“ಚೆಂಡವ್ವಾ.”

“ಎದರದು?”

“ದನದ ಚರ್ಮದ್ದು.”

“ಶಿವಶಿವಾ! ಲಿಂಗಪೂಜಿ ಆಗೂ ಮನಿ ಇದು. ಹೊರಗ ಇಡು ಅದನ್ನ!”

ನಾನು ಹಿತ್ತಲಿಗೆ ಬಿದ್ದೆ. ಮರುದಿನ ಬೆಳಿಗ್ಗೆ ರಹಸ್ಯ ಬಯಲಾಯಿತು. ಆ ಹಿತ್ತಲು ನಾಲ್ಕು ಹೆಜ್ಜೆ ಅಗಲ. ಆಚೆ ತುದಿಗೆ ಗ್ಯಾರೇಜಿನ ಬಾಗಿಲು, ಸರಿಯಾಗಿ ನಡುವೆ ದೊಡ್ಡ ಡ್ರಮ್ಮಿನಲ್ಲಿ ಕರಿಬೇವಿನ ಗಿಡ. ಚಿಕ್ಕಂದಿನಿಂದ ಇವನು ಅದನ್ನು ಬಲಕ್ಕೆ ಸುತ್ತಿ ಓಡಿಯೇ ಬಾಗಿಲಿಗೆ ಒದೆಯುತ್ತಿದ್ದ. ಮೈದಾನದಲ್ಲೂ ಇಲ್ಲದ ಗಿಡವನ್ನು ಸುತ್ತಿದ್ದ! ಇಂಥ ಕಾಲನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

“ತಪ್ಪು ನಿಂದಲ್ಲಲೇ, ನಿಮ್ಮವ್ವನ ಕರಿಬೇವಿಂದು,” ಎಂದರು ವೀರಭದ್ರಪ್ಪ. “ತಗದ ಒಗಿಯೂಣು ಇದನ್ನ.”

ಅಡುಗೆಮನೆಯ ಕಿಟಕಿಯಿಂದ ಧ್ವನಿ ಬಂತು. “ಗಿಡಕ್ಕ ಕೈ ಹಚ್ಚಿದ್ರ ನಾಳಿಂದ ನಿಮ್ಮ ಒಗ್ಗರಣಿ ನೀವ ಹಾಕ್ಕೋರಿ. ಈ ಥಂಡಿ ಊರಾಗ ಎದಿಮಟ ಬೆಳಿಯಾಕ ಏಳ ವರ್ಷ ಹಿಡದೈತಿ. ಬಿಸಲ ಬೀಳೂದು ಅದೊಂದ ಜಾಗಾಕ.”

ಗಿಡ ಉಳಿಯಿತು. ವೀರಭದ್ರಪ್ಪ ಸುಣ್ಣ ತಂದು, ಮೂಲೆಯಿಂದ ಗ್ಯಾರೇಜಿನ ಬಾಗಿಲವರೆಗೆ ಗಿಡದ ಪಕ್ಕದಲ್ಲೇ ಓರೆಯಾಗಿ ಎರಡು ಗೆರೆ ಎಳೆದರು. ಟ್ರಾಮಿನ ಹಳಿಯಷ್ಟೇ ಅಂತರ.

“ಟ್ರಾಮಿಗೆ ಸ್ಟೇರಿಂಗ್ ಇರೂದಿಲ್ಲ ತಮ್ಮಾ. ನಾ ಹತ್ತ ವರ್ಷದಾಗ ಒಂದ ಸಲಾನೂ ಹಳಿ ಬಿಟ್ಟಿಲ್ಲ.”

“ಬಿಡಾಕ ಬರೂದೂ ಇಲ್ಲಲ್ಲಪ್ಪಾ.”

“ಅದನ್ನ ಹೇಳಾಕತ್ತೇನಿ! ನಿನಗೂ ಬಿಡಾಕ ಬರಬಾರದು.”

ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ನಾನು ಒಂಬತ್ತು ಕೋಟಿ ಒದೆ ತಿಂದೆ. ಹುಡುಗನ ಕಾಲು ಗೆರೆ ದಾಟಿದರೆ ಕುರ್ಚಿಯಲ್ಲಿ ಕೂತ ಅಪ್ಪ “ಡಿಂಗ್ ಡಿಂಗ್!” ಎಂದು ಟ್ರಾಮಿನ ಗಂಟೆಯಂತೆ ಕೂಗುತ್ತಿದ್ದರು. ಇವರಿಬ್ಬರಲ್ಲಿ ಯಾರು ಹೆಚ್ಚು ಮಂಕು ಎಂದು ತೀರ್ಮಾನಿಸಲು ನನಗೆ ಇಂದಿಗೂ ಆಗಿಲ್ಲ. ಜುಲೈ ಹೊತ್ತಿಗೆ ಗಂಟೆ ಕಡಿಮೆಯಾಯಿತು. ನನ್ನ ಮೈಯೂ ಹಿಗ್ಗಿತು. ಹೊಲಿಗೆ ಸಡಿಲಾಗಿ, ಹೊಟ್ಟೆ ಉಬ್ಬಿ, ನಾನು ಹೆಚ್ಚುಕಡಿಮೆ ದುಂಡಗಾದೆ. ಈ ಅವಮಾನಕ್ಕೆ ಯಾರೂ ಕ್ಷಮೆ ಕೇಳಲಿಲ್ಲ.

ಆಗಸ್ಟಿನ ಕೊನೆಯ ಪಂದ್ಯ. ಯಾರದೋ ಮೊಣಕಾಲು ಉಳುಕಿ, ಅವನ ಜಾಗಕ್ಕೆ ನಮ್ಮ ಕೊಕ್ಕರೆಯನ್ನು ಕರೆದರು. ಅಪ್ಪ ಮೈದಾನಕ್ಕೆ ಹೋದರು. “ನನ್ನ ಕೈಲಿ ನೋಡೂದಾಗೂದಿಲ್ಲ,” ಎಂದ ಕಸ್ತೂರೆವ್ವ ಮನೆಯಲ್ಲಿ ಟಿವಿ ಹಾಕಿಕೊಂಡು ರೊಟ್ಟಿ ಹಿಟ್ಟು ನಾದುತ್ತ ಪೂರಾ ನೋಡಿದರು. ನಾನು ಹಿತ್ತಲಿನಿಂದ ಗಾಜಿನ ಬಾಗಿಲ ಮೂಲಕ ನೋಡಿದೆ.

ಮತ್ತೆ ಕೊನೆಯ ನಿಮಿಷ, ತಂಡ ನಾಲ್ಕು ಅಂಕ ಹಿಂದೆ. ಚೆಂಡು ಬಂತು, ನಮ್ಮ ಕೊಕ್ಕರೆ ಹಿಡಿದ, ಸೈರನ್ ಕೂಗಿತು. ಈ ಸಲ ತಪ್ಪಿಗೆ ಸಿಗುವ ಒಂದು ಅಂಕ ಸಾಲದು. ಆರು ಬೇಕು.

“ಸೀದಾ ಹೋಗೋ ನಮ್ಮಪ್ಪಾ,” ಎಂದರು ಕಸ್ತೂರೆವ್ವ, ಹಿಟ್ಟಿನ ಕೈ ಗಾಳಿಯಲ್ಲಿ.

ಆರು ಹೆಜ್ಜೆ. ಏಳನೆಯದು. ಭುಜ ಬಲಕ್ಕೆ ವಾಲಿತು. ನನ್ನೊಳಗಿನ ಗಾಳಿ ನಿಂತಿತು. ಕಾಲು ಮಾತ್ರ ಸೀದಾ ಬಿತ್ತು. ಒದ್ದ. ಅಷ್ಟು ಕುರೂಪದ ಒದೆಯನ್ನು ನಾನು ಕಂಡಿಲ್ಲ. ಆ ಚೆಂಡು ರೆಕ್ಕೆ ಮುರಿದ ಕೋಳಿಯಂತೆ ಹೊರಳುತ್ತ ಹೋಗಿ, ಕಂಬಕ್ಕೆ ಒಂದು ಗೇಣು ಒಳಗೆ ನುಸುಳಿತು. ಗೋಲ್ ಅಂಪೈರ್ ಎರಡು ಬಾವುಟ ಬೀಸಿದ. ಗೆದ್ದರು.

ತನ್ನ ಆಟದ ಬದುಕಿನ ಮೊದಲ ಗೋಲು ಹೊಡೆದವನ ಮೇಲೆ ಇಡೀ ತಂಡ ಓಡಿಬಂದು ಬೀಳುವುದು ಆ ಆಟದ ಪದ್ಧತಿ. ಹದಿನೇಳು ಜನ ಬಿದ್ದರು.

“ಯಾಕ ಹಂಗ ಮ್ಯಾಲ ಬೀಳಾಕತ್ತಾರ? ಉಸರ ಕಟ್ಟತೈತಿ ನನ್ನ ಮಗಗ! ಏಳ್ರೋ!” ಎಂದು ಕಸ್ತೂರೆವ್ವ ಟಿವಿಗೆ ಹಿಟ್ಟು ಮೆತ್ತಿದರು.

ಕರಾರು ಎರಡು ವರ್ಷ ಮುಂದುವರಿಯಿತು. ಆ ಕೋಳಿ ಚೆಂಡು ಮನೆಗೆ ಬಂತು. ಎಲ್ಲಿಗೆ? ಹಿತ್ತಲಿಗಲ್ಲ, ನಡುಮನೆಯ ಗಾಜಿನ ಕಪಾಟಿಗೆ! ಅದೇನು ಹತ್ತಿಯಿಂದ ಮಾಡಿದ್ದೇ? ಕಸ್ತೂರೆವ್ವ ಅದನ್ನು ದಿನಾ ಒರೆಸುತ್ತಾರೆ. ಜೀವಮಾನದಲ್ಲಿ ನೆನಪಿಡುವಂಥ ಒಂದೇ ಒಂದು ಒದೆ ತಿಂದ ಪ್ರಾಣಿ ಅದು. ಈಗ ಅದನ್ನು ಯಾರೂ ಮುಟ್ಟುವಂತಿಲ್ಲ, ಅವನೂ ಮುಟ್ಟುವುದಿಲ್ಲ.

ನಾನು ಈಗ ಗ್ಯಾರೇಜಿನ ಮೂಲೆಯಲ್ಲಿ, ಹಳೇ ಬಕೆಟ್ಟಿನ ಪಕ್ಕ ಮಲಗಿದ್ದೇನೆ. ಬಣ್ಣ ಹೋಗಿದೆ, ಆಕಾರವಂತೂ ಹೇಳುವಂತಿಲ್ಲ. ವಯಸ್ಸಾದ ಮೇಲೆ ತಿಳಿದದ್ದು ಇಷ್ಟು: ಪೂಜೆಗೆ ಯಾವ ಚೆಂಡಾದರೂ ನಡೆಯುತ್ತದೆ, ಒದೆಯಲು ನಾನೇ ಬೇಕು. ಇಂದು ಭಾನುವಾರ. ಬೂಟಿನ ಸದ್ದು ಕೇಳಿಸುತ್ತಿದೆ. ಬಂದ ನೋಡಿ ಕೊಕ್ಕರೆ. ಗಾಜಿನ ಕಪಾಟು ದಾಟಿ ಇಲ್ಲಿಗೇ ಬಂದ. ನನ್ನನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಾನೆ.

ಒತ್ತಿ ಏನು ನೋಡುತ್ತೀಯೋ ಮಂಕೇ? ಗಾಳಿ ಕಮ್ಮಿಯಾಗಿದೆ. ಹೋಗು, ಪಂಪು ತಾ.