ಇಂಜಿನ್ ಕೆಡಿಸಿದ ಹುಡುಗಿ

ಮನಾಲಿ ಮೊಣಕಾಲೂರಿ ಕೂತು, ಕಾರಿನ ಕೆಳಗೆ ಕೈ ಚಾಚಿ ನೆಲ ಒರೆಸುತ್ತಿದ್ದಳು. ಮಗ್ಗದ ಶೆಡ್ಡಿನಿಂದ ತಂದ ಹರಕು ನೂಲಿನ ಉಂಡೆ ಆಯಿಲ್ ಕುಡಿದು ಕಪ್ಪಾಯಿತು. ಅದನ್ನು ಪಕ್ಕಕ್ಕೆ ಹಾಕಿ ಇನ್ನೊಂದು ತೆಗೆದುಕೊಂಡಳು. ಫರಸಿ ಕಲ್ಲಿನ ನೆಲದ ಮೇಲಿನ ಕಲೆ ಅಂಗೈಯಗಲದಿಂದ ರೊಟ್ಟಿಯಗಲಕ್ಕೆ ಬೆಳೆದಿತ್ತು. ಅವಳ ಚಿಕ್ಕಮ್ಮ ಹೀರಾಬಾಯಿ ಹೊಸ್ತಿಲ ಮುಂದೆ ರಂಗೋಲಿ ಎಳೆಯುತ್ತಿದ್ದಳು. ಅವಳ ಮಗ ಶ್ರೇಣಿಕ ಕಟ್ಟೆಯ ಮೇಲೆ ಕೂತು ಮೊಬೈಲ್ ತೀಡುತ್ತಿದ್ದ. ಮೂರು ವಾರಗಳಿಂದ ಇದು ಹೀಗೇ ನಡೆದಿತ್ತು. ಯಾರೂ ಹೇಳದೆಯೇ ಅವಳ ಪಾಲಿಗೆ ಬಂದ ಕೆಲಸ ಇದು. ಇಂಜಿನ್ ಕೆಡಿಸಿದವಳೇ ಅದರ ಎಣ್ಣೆ ಒರೆಸಬೇಕಲ್ಲವೇ!

ಅವಳು ಇಂಜಿನ್ ಕೆಡಿಸಿದ ಸಂಗತಿ ಅರ್ಧ ಇಚಲಕರಂಜಿಗೆ ಗೊತ್ತಿತ್ತು, ಏಕೆಂದರೆ ಅವಳ ಕಾಕಾ ಅಣ್ಣಾಸಾಹೇಬರಿಗೆ ಗೊತ್ತಿತ್ತು. ಅಣ್ಣಾಸಾಹೇಬರದು ಇಪ್ಪತ್ತನಾಲ್ಕು ಪವರ್‌ಲೂಮಿನ ಶೆಡ್ಡು. ಕರೆಂಟು ಹೋದರೆ ಆ ಇಪ್ಪತ್ತನಾಲ್ಕೂ ನಿಲ್ಲುತ್ತಿದ್ದವು, ಅವರ ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಬಸದಿಯ ಕಟ್ಟೆಯಲ್ಲಿ, ನೂಲಿನ ಅಂಗಡಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ ಅವರು ಹೇಳಿದ್ದು ಒಂದೇ ಕಥೆ. ಇಪ್ಪತ್ತೆರಡು ವರ್ಷ ತಾವು ಹೂವಿನಂತೆ ನೋಡಿಕೊಂಡ ಕಾರನ್ನು ಅಣ್ಣನ ಮಗಳು ಎಂಟೇ ದಿನದಲ್ಲಿ ಮುಗಿಸಿಬಿಟ್ಟಳು.

ಕುರುಂದವಾಡದಲ್ಲಿ ಒಂಬತ್ತನೇ ಇಯತ್ತೆಗೆ ಶಾಲೆ ಬಿಡಿಸಿ, ಕಾಕೂ ಹೀರಾಬಾಯಿಗೆ ಕೈಗೆಲಸಕ್ಕಾಗುತ್ತಾಳೆಂದು ಮನಾಲಿಯನ್ನು ಇಲ್ಲಿ ತಂದು ಬಿಟ್ಟು ಆರು ವರ್ಷವಾಗಿತ್ತು. ಸೀರೆಗೆ ಫಾಲ್ ಹಚ್ಚಿ ಗಳಿಸಿದ್ದರಲ್ಲಿ ಅವಳು ಡ್ರೈವಿಂಗ್ ಕ್ಲಾಸಿಗೆ ಹೋಗಿದ್ದಳು, ಲೈಸೆನ್ಸನ್ನೂ ಮಾಡಿಸಿದ್ದಳು. ದೀಪಾವಳಿ ಮುಗಿದ ಮೇಲೆ ಎಂಟು ದಿನ ಕೈ ಕುದುರಲೆಂದು ಮನೆಯ ಕಾರು ಓಡಿಸಿದಳು. ಒಂಬತ್ತನೆಯ ದಿನ ಇಂಜಿನ್ನಿನ ಮೈಯೆಲ್ಲ ಆಯಿಲ್ ಜಿನುಗಿತು.

ಕಾರನ್ನು ಕೊಲ್ಹಾಪುರದ ದೊಡ್ಡ ಗ್ಯಾರೇಜಿಗೆ ಒಯ್ದರು. ಅಲ್ಲಿಯ ಹುಡುಗರ ಮುಖ್ಯಸ್ಥ ಬಾನೆಟ್ ಎತ್ತಿ ಅರೆಗಳಿಗೆ ನೋಡಿ, ಇಂಜಿನ್ನಿಗೆ ಕೇಳುವ ಬದಲು ಅಣ್ಣಾಸಾಹೇಬರನ್ನು ಕೇಳಿದ: “ಗಾಡಿ ಲೇಡೀಜ್ ಚಾಲವತಾತ ಕಾ?” ಹೆಂಗಸರು ಓಡಿಸುತ್ತಾರಾ ಎಂಬ ಆ ಒಂದು ಪ್ರಶ್ನೆಯಿಂದ ಎಲ್ಲರಿಗೂ ಎಷ್ಟು ಸಮಾಧಾನವಾಯಿತೆಂದರೆ, ಆಮೇಲೆ ಬೇರೆ ಏನನ್ನೂ ಹುಡುಕುವ ಅಗತ್ಯವೇ ಬೀಳಲಿಲ್ಲ. ಹೊಸ ಗ್ಯಾಸ್ಕೆಟ್ ಹಾಕಿದರು, ಹೊಸ ಸೀಲ್ ಹಾಕಿದರು. ಎರಡೇ ದಿನದಲ್ಲಿ ಹೊಸ ಸೀಲೂ ಹಳೆಯದರಂತೆ ಅತ್ತಿತು. ಇನ್ನು ಇಂಜಿನ್ ಕೆಳಗಿಳಿಸಿ ರಿಂಗು, ಪಿಸ್ಟನ್ ಬದಲಿಸಬೇಕು ಎಂದು ಕೊಲ್ಹಾಪುರದವರು ತೀರ್ಪು ಕೊಟ್ಟರು. ಕೊಲ್ಹಾಪುರದಲ್ಲಿ ಎರಡು ವರ್ಷ ಇಂಜಿನಿಯರಿಂಗ್ ಓದಿ, ಅಲ್ಲಿಂದ ಸುಮ್ಮನೆ ಮನೆಗೆ ಬಂದಿದ್ದ ಶ್ರೇಣಿಕ, “ನಾ ಮದಲ ಅಂದಿದ್ದೆ” ಎಂದ.

ಮನಾಲಿಗೆ ನೋವಾಗಿದ್ದು ಬೈಗುಳದಿಂದಲ್ಲ. ಬೈಗುಳ ಆ ಮನೆಯಲ್ಲಿ ಚಹಾದ ಜೊತೆಗೇ ಸಿಗುತ್ತಿತ್ತು. ಗಾರ್ಮೆಂಟ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳನ್ನು ಹಾತಕಣಂಗಲೆಯಿಂದ ಕರೆತರಲು ವ್ಯಾನ್ ಇಟ್ಟಿದ್ದ ಅಲಕಾ ಎಂಬಾಕೆ, ಹೆಣ್ಣು ಡ್ರೈವರೇ ಬೇಕೆಂದು ಮನಾಲಿಗೆ ಕೆಲಸದ ಮಾತು ಕೊಟ್ಟಿದ್ದಳು. ಬಸದಿಯ ಕಟ್ಟೆಯ ಕಥೆ ಅವಳ ಕಿವಿಗೂ ಬಿತ್ತು.

“ಇಂಜಿನ್ ಸುಟ್ಟ ಹುಡುಗಿ ಕೈಯಾಗ ಹದಿನಾಲ್ಕ ಮಂದಿ ಹೆಣ್ಣಮಕ್ಕಳನ್ನ ಹೆಂಗ ಕೊಡ್ಲಿ, ಹೇಳವಾ?” ಎಂದಿದ್ದಳು ಅಲಕಾ. “ನಿಮ್ಮ ಕಾಕಾನ ಊರ ತುಂಬ ಹೇಳ್ಯಾರ. ನಿನ್ನ ತಪ್ಪಿಲ್ಲಂತ ಅವರ ಒಂದ ಫೋನ್ ಮಾಡ್ಲಿ, ನಾ ನಂಬತೇನಿ. ಆಯ್ತವಾರ ತನಕ ಕಾಯ್ತೀನಿ. ಸೋಮವಾರ ಬ್ಯಾರೆ ಹುಡುಗಿ ಬರ್ತಾಳ.”

ಇವತ್ತು ಆ ಆಯ್ತವಾರ.

ಗಡಿಂಗ್ಲಜದಲ್ಲಿ ಹೀರಾಬಾಯಿಯ ಅಣ್ಣ ಧನಪಾಲನ ಮಗಳ ನಿಶ್ಚಯ. ಬಸ್ಸಿನಲ್ಲಿ ಹೋದರೆ ಬೀಗರ ಮುಂದೆ ಮಾನ ಹೋಗುತ್ತದೆಂದು ಅಣ್ಣಾಸಾಹೇಬರು ಆಯಿಲ್ ಡಬ್ಬಿ ಡಿಕ್ಕಿಯಲ್ಲಿಟ್ಟುಕೊಂಡು ಕಾರನ್ನೇ ಹೊರಡಿಸಿದರು. ಶ್ರೇಣಿಕ ಸ್ಟೇರಿಂಗ್ ಹಿಡಿದ. ಅಣ್ಣಾಸಾಹೇಬರು ಮುಂದೆ ಕೂತು ಬಿಳಿ ಟೊಪ್ಪಿಗೆ ಸರಿಮಾಡಿಕೊಂಡರು. ಹೆಂಗಸರಿಬ್ಬರೂ ಹಿಂದೆ, ನಡುವೆ ಕಾಣಿಕೆಯ ಬುಟ್ಟಿ. ನಿಪ್ಪಾಣಿ ದಾಟುವ ತನಕ ವಾಸನೆ ಬಂತು. ಸಂಕೇಶ್ವರ ದಾಟಿದ ಮೇಲೆ ಹೊಗೆ ಬಂತು. ಗಡಿಂಗ್ಲಜದ ಹೊರಗೆ ಕಾರು ಕೆಮ್ಮಿ ನಿಂತಾಗ, ಎದುರಿಗೆ ತಗಡಿನ ಗ್ಯಾರೇಜೊಂದರಲ್ಲಿ ಭರಮಪ್ಪ ಮಿಸ್ತ್ರಿ ಬಜಿ ತಿನ್ನುತ್ತ ಕೂತಿದ್ದ. ಅರವತ್ತು ದಾಟಿದ ಮನುಷ್ಯ. ಕನ್ನಡಕದ ಒಂದು ಕಾಲಿಗೆ ತಂತಿ ಸುತ್ತಿದ್ದ.

“ರಿಂಗ್ ಹೋಗ್ಯಾವ, ಪಿಸ್ಟನ್ ಹೋಗೈತಿ. ಹೆಡ್ ಸೈತ ಡೌಟ್ ಐತಿ,” ಎಂದು ಶ್ರೇಣಿಕ ಇಳಿಯುತ್ತಲೇ ಶುರುಮಾಡಿದ.

“ಹುಡುಗಿ ಓಡಿಸ್ಯಾಳ ಮಿಸ್ತ್ರಿ, ಏನ್ ಹೇಳೂದು!” ಎಂದು ಅಣ್ಣಾಸಾಹೇಬರು ಮುಖ್ಯ ಕಾರಣವನ್ನು ಸೇರಿಸಿದರು.

ಭರಮಪ್ಪ ಬಜಿ ಮುಗಿಸಿ, ಕೈ ಒರೆಸಿ, ಬಾನೆಟ್ಟಿನೊಳಗೆ ಬಗ್ಗಿದ. “ಆಯಿಲ್ ಹಾಕೂ ಮುಚ್ಚಳ ತಗದರ ಹೆಂಗ್ ಮಾಡತೈತ್ರಿ?”

ಗಂಡಸರಿಬ್ಬರೂ ಮುಚ್ಚಳ ಎಲ್ಲಿದೆಯೆಂದು ಹುಡುಕಿದರು. ಮುಚ್ಚಳ ತೆಗೆದು ಗೊತ್ತಿದ್ದರೆ ತಾನೇ! ಮನಾಲಿ ಸೆರಗಿನ ಅಂಚು ಹಿಂಡುತ್ತ ಹೇಳಿದಳು:

“ಕುಕ್ಕರ್ ಹಂಗ ಬುಸ್ ಅಂತೈತ್ರಿ ಅಜ್ಜಾ. ಆಯಿಲ್ ಅಳಿಯೂ ಕಡ್ಡಿನೂ ತನ್ನಷ್ಟಕ ತಾನ ಮ್ಯಾಲ ಎದ್ದಿರತೈತಿ. ದಿನಾ ನಾ ಒತ್ತಿ ಕುಂಡರಸತೇನ್ರಿ.”

“ನೀ ಸುಮ್ನಿರ, ಇದು ಟೆಕ್ನಿಕಲ್ ಐತಿ,” ಎಂದ ಶ್ರೇಣಿಕ.

“ಟೆಕ್ನಿಕಲ್ ಇದ್ದದ್ದ ಈಕಿ ಹೇಳಿದ್ದು ತಮ್ಮಾ. ನೀ ಹೇಳಿದ್ದು ಬರೇ ಸಾಮಾನಿನ ಯಾದಿ,” ಎಂದ ಭರಮಪ್ಪ.

ಇಂಜಿನ್ ಚಾಲೂ ಮಾಡಿಸಿ, ಮುಚ್ಚಳ ತಿರುವಿ ತೆಗೆದ. ಬಜಿ ಕಟ್ಟಿದ್ದ ಕಾಗದವನ್ನು ಆ ತೂತಿನ ಮೇಲಿಟ್ಟ. ಕಾಗದ ಕೂರಲಿಲ್ಲ. ಟಪ್ಪೆಂದು ಹಾರಿ, ಬಗ್ಗಿ ನೋಡುತ್ತಿದ್ದ ಅಣ್ಣಾಸಾಹೇಬರ ಎದೆಗೆ ಬಡಿದು, ನಿಶ್ಚಯಕ್ಕೆಂದು ಇಸ್ತ್ರಿ ಮಾಡಿಸಿದ ನೆಹರೂ ಶರ್ಟಿಗೆ ಎಣ್ಣೆಯ ಮುದ್ರೆ ಒತ್ತಿ ಕೆಳಗೆ ಬಿತ್ತು.

“ನೋಡ್ರಿ ಸಾವಕಾರ್ರ, ಇಂಜಿನ್ದ ಹೊಟ್ಯಾಗ ಗ್ಯಾಸ್ ತುಂಬೇತಿ. ರಿಂಗಿನ ಬಾಜೂಕ ಒಂದೀಟ ಗ್ಯಾಸ್ ಕೆಳಗ ಇಳಿಯೂದ, ಹೊಸಾ ಗಾಡ್ಯಾಗೂ ಇಳಿತೈತಿ. ಅದು ಹೊರಗ ಹೋಗಾಕ ಒಂದ ಪೈಪ್ ಇರತೈತಿ, ಬ್ರೀದರ್ ಅಂತಾರ. ಆ ದಾರಿ ಬಂದ್ ಆತಂದ್ರ ಗ್ಯಾಸ್ ಸಿಕ್ಕ ಸಂದ್ಯಾಗಿಂದ ಆಯಿಲ್ ದೂಡತೈತಿ. ನೀವ ಬಂಗಾರದ ಸೀಲ್ ಹಾಕ್ರಿ, ಸೋರತೈತಿ.”

ಅವನು ಇಂಜಿನ್ನಿನ ತಲೆಯಿಂದ ಏರ್ ಫಿಲ್ಟರಿನ ಡಬ್ಬಿಗೆ ಹೋಗುವ ಬೆರಳು ದಪ್ಪದ ರಬ್ಬರ್ ಪೈಪನ್ನು ಬೆರಳಲ್ಲೇ ಹಿಂಬಾಲಿಸಿದ. ಫಿಲ್ಟರಿನ ಕಡೆಯ ಕ್ಲಿಪ್ಪು ಸಡಿಲಿಸಿ ಎಳೆದ. ಪೈಪಿನ ಬಾಯಿಗೆ ಏನೋ ಕಟ್ಟಿತ್ತು. ಕಪ್ಪಗೆ, ಗಟ್ಟಿಯಾಗಿ, ಸುಟ್ಟ ಬದನೆಕಾಯಿಯಂತಿತ್ತು.

“ಯಾಂವ ಮೂರ್ಖ ಕಟ್ಟ್ಯಾನದನ್ನ!” ಅಣ್ಣಾಸಾಹೇಬರು ಗುಡುಗಿದರು. “ಕೊಲ್ಹಾಪುರದ ಮಂದಿದ ಕೆಲಸ ಇದು! ಇಂಥವರನ್ನ ಜೇಲಿಗೆ ಹಾಕಬೇಕು!”

“ನಮ್ಮ ಲೈನಿನವ್ರ ಗಂಟ ಅಲ್ರಿ ಇದು,” ಭರಮಪ್ಪ ಕನ್ನಡಕ ಏರಿಸಿ ನೋಡಿದ. “ನಾವು ತಂತಿ ಬಿಗೀತೇವಿ. ಇದು ನೂಲು. ಲೂಮಿನ್ಯಾಗ ಎಳಿ ಹರದ್ರ ಹಾಕ್ತಾರಲ್ರಿ, ಆ ಗಂಟು.”

ಅಣ್ಣಾಸಾಹೇಬರ ಗುಡುಗು ಅಲ್ಲಿಗೆ ನಿಂತಿತು. ಭರಮಪ್ಪ ಗಂಟು ಕತ್ತರಿಸಿ, ಆ ಮುದ್ದೆಯನ್ನು ಪೆಟ್ರೋಲಿನಲ್ಲಿ ಅದ್ದಿ ಬಿಡಿಸಿದ. ಎರಡು ಪದರು, ನಾಲ್ಕು ಪದರು. ಮಡಿಕೆಯೊಳಗೆ ಒಂದು ನೀಲಿ ಅಂಚು ಕಂಡಿತು. ಅಲ್ಲಿಯತನಕ ಕಾರಿನಲ್ಲೇ ಕೂತು ಬುಟ್ಟಿ ಕಾಯುತ್ತಿದ್ದ ಹೀರಾಬಾಯಿ ಕೆಳಗಿಳಿದು ಬಂದಳು.

“ರೀ, ಇದು ನನ್ನ ನೀರ ಸೋಸೂ ಅರಿಬಿ!”

ಅವಳು ಅರಿವೆಯ ಅಂಚು ಹಿಡಿದು ಗಂಡನ ಕಡೆ ತಿರುಗಿದಳು.

“ಆಷಾಢದಾಗ ಕಾಣದಂಗ ಆಗಿತ್ತು. ಬೆಕ್ಕ ಒಯ್ದಿರಬೇಕ ಅಂದ್ರಿ ನೀವು. ನಾ ಇಲ್ಲ, ಈ ಹುಡುಗಿನ ಒಣಾಕ ಹಾಕಿ ಮರತಾಳಂತ ಎರಡ ದಿನಾ ಮಾತ ಬಿಟ್ಟಿದ್ದೆ ಆಕಿ ಕೂಡ!”

ಆಗ ಮನಾಲಿಗೆ ಅರ್ಥವಾಯಿತು. ಚಾತುರ್ಮಾಸ ಕೂಡುವ ಹಿಂದಿನ ದಿನ ಕಾಕಾ ಬಾನೆಟ್ ಎತ್ತಿ, ಬಾಯಲ್ಲಿ ನೂಲು ಕಚ್ಚಿಕೊಂಡು ನಿಂತಿದ್ದನ್ನು ಅವಳು ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಪೂಜೆ ಮಾಡುತ್ತಿದ್ದಾರೆಂದುಕೊಂಡಿದ್ದಳು. ಚಾತುರ್ಮಾಸದ ನಾಲ್ಕು ತಿಂಗಳು ಪ್ರಯಾಣವಿಲ್ಲದೆ ಕಾರು ನಿಂತೇ ಇತ್ತು, ಆಮೇಲೆ ಮೊದಲು ಓಡಿಸಿದವಳು ಅವಳೇ.

“ಮಳಿಗಾಲದಾಗ ಹುಳಾ ಎಷ್ಟ ಇರ್ತಾವ,” ಅಣ್ಣಾಸಾಹೇಬರು ಆಕಾಶಕ್ಕೆ ಹೇಳಿದರು. “ಯಾರೋ ಅಂದಿದ್ರು, ಇದು ಇಂಜಿನ್ ಉಸುರ ತಗೊಳ್ಳೂ ಪೈಪ್ ಅಂತ. ಉಸುರಿನ ಕೂಡ ಜೀವ ಒಳಗ ಹೋಗಿ ಸಾಯಬಾರದಂತ, ಒಂದ ದಯಾ.”

“ಉಸುರ ತಗೊಳ್ಳೂ ಮೂಗಲ್ರಿ ಅದು, ಬಿಡೂ ಬಾಯಿ,” ಎಂದ ಭರಮಪ್ಪ. “ಹುಳಾ ಉಳದಾವ. ಇಂಜಿನ್ ಒಂದ ಸಾಯಾಕತ್ತಿತ್ತು.”

ಪೈಪು ತೊಳೆದು, ಊದಿ ನೋಡಿ, ಮತ್ತೆ ಸಿಕ್ಕಿಸಿದ. ಇಂಜಿನ್ ಚಾಲೂ ಮಾಡಿಸಿ ತೂತಿನ ಮೇಲೆ ಅದೇ ಕಾಗದ ಇಟ್ಟ. ಈ ಸಲ ಅದು ಸುಮ್ಮನೆ ಕೂತು, ತುದಿಯಷ್ಟೇ ನಡುಗಿತು. “ರಿಂಗ್ ಹೋಗಿದ್ವಂದ್ರ ಈಗೂ ಕಾಗದ ಹಾರತಿತ್ತು, ಹೊಗಿ ಬುಗುಬುಗು ಬರತಿತ್ತು. ರಿಂಗ್ ಗಟ್ಟಿ ಅದಾವ. ಸೀಲ್ ಒರಸಿ ಎರಡ ದಿನಾ ನೋಡ್ರಿ,” ಎಂದು ಹೇಳಿ, ಮನಾಲಿಯ ಕಡೆ ತಿರುಗಿದ. “ಕಡ್ಡಿ ಏಳೂದ ನೀ ಮದಲ ನೋಡಿದ್ದೆಲ್ಲವಾ, ಯಾರಿಗೂ ಹೇಳಿರಲಿಲ್ಲಾ?”

“ಹೇಳಿದ್ದೆರಿ,” ಎಂದಳು ಮನಾಲಿ.

ಹೇಳಿದ್ದು ನಿಜ. ಮೊದಲನೆಯ ವಾರವೇ ಹೇಳಿದ್ದಳು. “ಕೆಡಿಸಿದಾಕಿ ಈಗ ಕಾರಣಾ ಹುಡುಕಾಕತ್ತಾಳ” ಎಂದು ಕಾಕಾ ನಕ್ಕಿದ್ದರು.

ನಿಶ್ಚಯದ ಮನೆಗೆ ಅವರು ಮುಟ್ಟಿದಾಗ ತಡವಾಗಿತ್ತು. ತಡವೇಕೆಂದು ಧನಪಾಲ ಕೇಳಿದ. ಕೇಳಬಾರದಿತ್ತು. ಅಣ್ಣಾಸಾಹೇಬರು ಎದೆಯ ಮೇಲಿನ ಎಣ್ಣೆಯ ಕಲೆಯನ್ನು ಪದಕದಂತೆ ಮುಂದೆ ಮಾಡಿ ಶುರುಮಾಡಿದರು. ಜಮಖಾನೆಯ ಮೇಲೆ ಕೂತ ಹತ್ತು ಹನ್ನೆರಡು ಗಂಡಸರಿಗೆ ಬ್ರೀದರ್ ಎಂದರೇನು ಎಂಬ ಪಾಠವಾಯಿತು. ಕೊಲ್ಹಾಪುರದ ದೊಡ್ಡ ದೊಡ್ಡವರು ಸೋತರು, “ನಾ ಒಂದ ಕಾಗದ ಇಟ್ಟ ನೋಡಿದೆ, ಹಾರಿತು. ಅಲ್ಲೇ ಹಿಡದೆ!” ಪೈಪಿನಲ್ಲಿ ಏನಿತ್ತೆಂದು ಒಬ್ಬರು ಕೇಳಿದರು. “ಕಸಾ,” ಎಂದರು ಅಣ್ಣಾಸಾಹೇಬರು. ಶ್ರೇಣಿಕ ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರು ಕೊಟ್ಟ. ಊಟಕ್ಕೆ ಏಳುವ ಹೊತ್ತಿಗೆ ಭರಮಪ್ಪನಿಗೆ ಆ ಕಥೆಯಲ್ಲಿ ಸ್ಪ್ಯಾನರ್ ಹಿಡಿದು ನಿಂತವನ ಪಾತ್ರವಷ್ಟೇ ಉಳಿದಿತ್ತು. ಮನಾಲಿಗೆ ಮಾತ್ರ ಮೊದಲಿನ ಪಾತ್ರವೇ ಇತ್ತು. “ಹೊಸದಾಗಿ ಕಲಿಯೂ ಮಂದಿ ಕಚ್ಚಾ ರಸ್ತೇದಾಗ ಓಡಸ್ತಾರ, ಧೂಳಾ ತುಂಬತೈತಿ,” ಎಂದು ಅಣ್ಣಾಸಾಹೇಬರು ಹೇಳಿದಾಗ ಎಲ್ಲರೂ ಹೌದ್ರಿ ಹೌದ್ರಿ ಎಂದು ತಲೆಯಾಡಿಸಿದರು. ಹೋಳಿಗೆ ಬಡಿಸುತ್ತಿದ್ದ ಅವಳ ಕೈ ಅವರ ಎಲೆಯ ಮೇಲೆ ಒಂದು ಕ್ಷಣ ನಿಂತು, ಮುಂದೆ ಹೋಯಿತು.

ತಿರುಗಿ ಬರುವಾಗ ಬಿಸಿಲು ಇಳಿದಿತ್ತು. ಕಾರಿನಲ್ಲಿ ವಾಸನೆ ಇರಲಿಲ್ಲ, ಹೊಗೆ ಇರಲಿಲ್ಲ. ಅಣ್ಣಾಸಾಹೇಬರು ಒಂದಾದ ಮೇಲೊಂದು ಫೋನು ಹಚ್ಚಿದರು. ಬಸದಿಯ ಅಧ್ಯಕ್ಷರಿಗಾಯಿತು, ನೂಲಿನ ಅಂಗಡಿಗಾಯಿತು, ಕೊಲ್ಹಾಪುರದ ಗ್ಯಾರೇಜಿಗೂ ಆಯಿತು. ತಾವು ಹಿಡಿದ ರೋಗದ ವಿವರ ಪ್ರತಿ ಸಲವೂ ಒಂದು ತೂಕ ಹೆಚ್ಚಾಗಿ ಬರುತ್ತಿತ್ತು. ಕಾಗಲ್ ದಾಟಿದ ಮೇಲೆ ಅವರು ಫೋನ್ ಮಡಿಲಲ್ಲಿಟ್ಟು, ಇನ್ನು ಯಾರು ಉಳಿದರು ಎಂದು ಯೋಚಿಸುವವರಂತೆ ಗಲ್ಲ ಕೆರೆದುಕೊಂಡರು.

ಮನಾಲಿ ಆ ಮನೆಯಲ್ಲಿ ಆರು ವರ್ಷದಲ್ಲಿ ತಾನಾಗಿ ಏನನ್ನೂ ಕೇಳಿರಲಿಲ್ಲ. ಆದರೂ ಮುಂದಿನ ಸೀಟಿಗೆ ಕೇಳುವಷ್ಟು ದೊಡ್ಡದಾಗಿಯೇ ಹೇಳಿದಳು:

“ಕಾಕಾ, ಅಲಕಾ ಅಕ್ಕಗ ಒಂದ ಫೋನ್ ಹಚ್ರಿ. ಇಂಜಿನ್ ಕೆಡಿಸಿದಾಕಿ ನಾ ಅಲ್ಲಂತ ಹೇಳ್ರಿ.”

ಅಣ್ಣಾಸಾಹೇಬರು ಕಿಟಕಿಯ ಹೊರಗೆ ಕಬ್ಬು ನೋಡಿದರು. ಶ್ರೇಣಿಕ ಗೇರ್ ಬದಲಿಸಿದ. ಹೀರಾಬಾಯಿ ಖಾಲಿ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು.

“ಇವತ್ತ ಹಚ್ರಿ ಕಾಕಾ,” ಎಂದಳು ಮನಾಲಿ. “ನಾಳೆ ಸೋಮವಾರ.”