ಗಂಟೆಯಿಲ್ಲದ ಎತ್ತು

ನಮ್ಮಣ್ಣ ಚಲುವರಾಜು ಪರೀಕ್ಷೆಗೆ ಓದಲೆಂದು ಊರಿಗೆ ಬಂದ ದಿನದಿಂದ ನಮ್ಮ ಮನೆಯಲ್ಲಿ ಎಲ್ಲರೂ ಪಿಸುಮಾತಿಗೆ ಇಳಿದೆವು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಮೈಸೂರಿನ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದುವ ಹುಡುಗ, ಹಿಂದಿನ ವರ್ಷ ಒಂದು ಸಲ ಫೇಲಾದವನು, ಟ್ರಂಕಿನ ತುಂಬ ಪುಸ್ತಕ ತುಂಬಿಕೊಂಡು ಇದ್ದಿಲು ಉರಿಸಿ ಓಡಿಸುವ ಬಸ್ಸಿನಿಂದ ಮಸಿ ಮುಖದಲ್ಲಿ ಇಳಿದಿದ್ದ. ಗಟ್ಟಿಯಾಗಿ ಮಾತಾಡಿದರೆ ಅವನ ತಲೆಯಲ್ಲಿರುವುದು ಚೆಲ್ಲಿಹೋದೀತು ಎಂದು ಎಲ್ಲರಿಗೂ ಭಯ. ತಲೆಯಲ್ಲಿ ಏನಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ನನಗೆ ಕೇಳಬೇಕಾಗಿತ್ತು. ಯಾಕೆಂದರೆ ಅವನು ಬರೆಯುವ ಪರೀಕ್ಷೆಯಲ್ಲಿ ಪಾಸೋ ಫೇಲೋ ಆಗಬೇಕಾದವಳು ನಾನು. ಊರಿನ ಸ್ಕೂಲು ಮುಗಿಸಿ, ಮಳವಳ್ಳಿಯ ಸೋದರತ್ತೆ ಮಂಗಳಮ್ಮನ ಮನೆಯಲ್ಲಿದ್ದು ಮುಂದಕ್ಕೆ ಓದುತ್ತೇನೆ ಎಂದು ಅಪ್ಪನ ಜೀವ ತಿನ್ನುತ್ತಿದ್ದೆ. ನಮ್ಮಪ್ಪ ಹೊನ್ನಯ್ಯ ಹೊಲದ ಬದುವಿನ ಮೇಲೆ ಕೂತು ತೀರ್ಮಾನ ಹೇಳಿದ್ದ.

"ಒಂದು ಮಡೀಗೆ ಬಿತ್ತಿವ್ನಿ ಕಣವ್ವ ದೇವಿ. ಅದು ಬಂದ್ರೆ ಇನ್ನೊಂದು ಮಡೀಗೂ ಆಕ್ತೀನಿ. ಓದು ಅನ್ನೋದು ನಮ್ಮನೆ ಮಣ್ಣಿಗೆ ಒಗ್ಗತದೋ ಇಲ್ವೋ, ನಿಮ್ಮಣ್ಣ ತೋರಿಸ್ಲಿ."

ಅಂದರೆ ಅಣ್ಣ ಪಾಸಾದರೆ ನಾನು ಮಳವಳ್ಳಿಗೆ. ಫೇಲಾದರೆ ಮದ್ದೂರಿನ ಮಹದೇವಯ್ಯನ ಮಗನಿಗೆ ಹೆಂಡತಿಯಾಗಿ. ಆ ಹುಡುಗನನ್ನು ನಾನು ನೋಡಿರಲೂ ಇಲ್ಲ. ಪಾಪ, ಅವನದೇನೂ ತಪ್ಪಿರಲಿಲ್ಲ, ಆದರೂ ನೆನೆಸಿಕೊಂಡಾಗಲೆಲ್ಲ ಅವನ ಮೇಲೆ ಸಿಟ್ಟು ಬರುತ್ತಿತ್ತು.

ಅಣ್ಣ ಮೊದಲು ಪುಸ್ತಕಗಳಿಗೆಲ್ಲ ಹೊದಿಕೆ ಹಾಕಿದ. ಆಮೇಲೆ ಮೇಜನ್ನು ಪಡಸಾಲೆಯ ಮೂಡಲ ಗೋಡೆಯಿಂದ ಪಡುವಲ ಗೋಡೆಗೆ ಸಾಗಿಸಿದ. ಬೆಳಕು ಸರಿಹೋಗದೆ ಮತ್ತೆ ಮೂಡಲಿಗೆ ತಂದ. ಆಮೇಲೆ ಬಣ್ಣದ ಪೆನ್ಸಿಲುಗಳಲ್ಲಿ ವೇಳಾಪಟ್ಟಿ ಬರೆದ. ಬಹಳ ಚೆನ್ನಾಗಿತ್ತು, ಅಂಚಿಗೆ ಬಳ್ಳಿ ಕೂಡ ಬಿಡಿಸಿದ್ದ. ಅದು ಮುಗಿಯುವಷ್ಟರಲ್ಲಿ ಅದರಲ್ಲಿ ಇತಿಹಾಸಕ್ಕೆ ಇಟ್ಟಿದ್ದ ದಿನಗಳು ಕಳೆದುಹೋಗಿದ್ದರಿಂದ ಇನ್ನೊಂದು ಬರೆಯಬೇಕಾಯಿತು.

ಯುದ್ಧದ ಕಾಲ ಬೇರೆ, ಸೀಮೆಎಣ್ಣೆ ಸಿಗುವುದೇ ಕಷ್ಟ. ಸಿಕ್ಕಿದ್ದೆಲ್ಲ ಅಣ್ಣನ ಲಾಟೀನಿಗೆ. ನಾವೆಲ್ಲ ಹೊತ್ತಿರುವಾಗಲೇ ಮುದ್ದೆ ಉಂಡು ಕತ್ತಲಲ್ಲಿ ಗೋಡೆಗೊರಗಿ ಕೂರುತ್ತಿದ್ದೆವು. ಅಣ್ಣ ಆ ಬೆಳಕಿನಲ್ಲಿ ಪೆನ್ಸಿಲು ಕೆತ್ತುತ್ತಿದ್ದ.

"ಅಣ್ಣ, ಓದೋದು ಯಾವಾಗ?" ಎಂದು ಕೇಳಿದೆ.

"ಓದೋಕೆ ತಯಾರಾಯ್ತಾ ಇವ್ನಿ ಕಣ್ಲೇ. ತಯಾರಿಲ್ದೆ ಓದಿದ್ರೆ ತಲೇಗೆ ಅತ್ತಕಿಲ್ಲ."

ತಯಾರಿಯೂ ಮುಗಿದುಹೋಗಿ, ಇನ್ನು ಓದದೆ ಗತಿಯಿಲ್ಲ ಎಂಬಂಥ ದಿನ ಅವನಿಗೆ ಎತ್ತುಗಳ ಗಂಟೆ ಕೇಳಿಸಿತು. ಪಡಸಾಲೆಯ ಪಕ್ಕವೇ ಕೊಟ್ಟಿಗೆ. ಅಲ್ಲಿ ನಮ್ಮ ಜೋಡಿ, ಮಾಲಿಂಗ ಮತ್ತು ಕರಿಯ, ಮೆಲುಕು ಹಾಕುತ್ತ ತಲೆ ಆಡಿಸಿದಾಗೆಲ್ಲ ಕೊರಳ ಗಂಟೆ ಆಡುತ್ತಿತ್ತು. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವನು ಈಗ ಕಿವಿ ಮುಚ್ಚಿಕೊಂಡ.

"ಈ ಸದ್ದಲ್ಲಿ ಎಂಗಪ್ಪ ಓದೋದು?"

ಅಪ್ಪ ಕೂಡಲೇ ಗಂಟೆಗಳನ್ನು ಬಿಚ್ಚಿ ಗೂಟಕ್ಕೆ ನೇತುಹಾಕಿದ. ಅಜ್ಜಿ ಚಿಕ್ಕಬೋರಮ್ಮ ಮಾತ್ರ ಸುಮ್ಮನಿರಲಿಲ್ಲ.

"ಎತ್ತಿನ ಕೊರಳು ಬರಿದು ಮಾಡ್ಬ್ಯಾಡ ಕಣ್ಲಾ ಹೊನ್ನ. ಅದು ಎಲ್ಲದೆ ಅಂತ ತಿಳಿಯೋದು ಎಂಗ್ಲಾ?"

"ಪರೀಕ್ಷೆ ಆಗೋಗಂಟ ತಡ್ಕವ್ವ," ಎಂದ ಅಪ್ಪ.

ಅದಾಗಿ ಸ್ವಲ್ಪ ದಿನಕ್ಕೇ, ಸಂಜೆ ನೀರು ಕುಡಿಸಿಕೊಂಡು ಬರುವಾಗ ಮಾಲಿಂಗ ತಪ್ಪಿಸಿಕೊಂಡಿತು. ಗಂಟೆಯಿದ್ದಿದ್ದರೆ ಕೂಗಳತೆಯಲ್ಲೇ ಹಿಡಿಯುತ್ತಿದ್ದೆವು. ಅಪ್ಪ ಜಗಲಿಯ ಮೇಲೆ ತಲೆಗೆ ಕೈಕೊಟ್ಟು ಕೂತ. ಉಳುವ ಕಾಲ, ಒಂಟಿ ಎತ್ತು ಕಟ್ಟಿಕೊಂಡು ಏನು ಮಾಡುವುದು?

ಆಗ ಅಣ್ಣ ಪುಸ್ತಕ ಮುಚ್ಚಿ ಎದ್ದ. ಅದು ತೆರೆದಿತ್ತು ಎಂದು ನನಗೆ ಗೊತ್ತಾದದ್ದೇ ಆವಾಗ.

"ನೀನು ಯೋಚ್ನೆ ಬುಡಪ್ಪ. ನಾನು ಉಡಿಕ್ಕೊಂಡ್ ಬತ್ತೀನಿ."

"ಓದು?" ಎಂದಳು ಅವ್ವ.

"ಎತ್ತು ಕಳ್ದಿರೋ ಮನೇಲಿ ಓದು ಎಂಗವ್ವ ಅತ್ತತದೆ?"

ಇಂಥ ಮಗನನ್ನು ಹೆತ್ತೆನಲ್ಲ ಎಂದು ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮಾರಿದ ಎತ್ತು ತಪ್ಪಿಸಿಕೊಂಡರೆ ಹಳೆಯ ಕೊಟ್ಟಿಗೆಯ ದಾರಿ ಹಿಡಿಯುತ್ತದೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಾಲಿಂಗನನ್ನು ಅಪ್ಪ ಕೊಂಡಿದ್ದು ಕಿರುಗಾವಲಿನಲ್ಲಿ ಗಾಡಿಚಕ್ರ ರಿಪೇರಿ ಮಾಡುವ ಪೀರ್ ಪಾಷಾ ಹತ್ತಿರ. ಹಾಗಾಗಿ ಅಪ್ಪ ಅಣ್ಣನನ್ನು ಮೊದಲು ಅಲ್ಲಿಗೇ ಕಳಿಸಿದ. ಅಣ್ಣ ಸಂಜೆಗೆ ಬಂದು ಕಾಲು ತೊಳೆದುಕೊಳ್ಳುತ್ತ, "ಅಲ್ಲಿಲ್ಲ ಕಣಪ್ಪ," ಎಂದ.

ಆಮೇಲೆ ದಿನಾ ಬೆಳಗ್ಗೆ ಬುತ್ತಿ ಕಟ್ಟಿಸಿಕೊಂಡು ಹೊರಟ. ಒಂದು ದಿನ ಬೆಳಕವಾಡಿ ಕಡೆ, ಇನ್ನೊಂದು ದಿನ ಮದ್ದೂರಿನ ದಾರಿ. ಸಂಜೆ ಬಂದು ಯಾವ ತೋಪು, ಯಾವ ಕೆರೆ, ಯಾರ ಕಣ ಎಂದು ಎಲ್ಲ ವಿವರವಾಗಿ ಹೇಳುತ್ತಿದ್ದ. ಅಷ್ಟು ಚೆನ್ನಾಗಿ ಪರೀಕ್ಷೆಯಲ್ಲಿ ಬರೆದಿದ್ದರೆ ಫಸ್ಟ್ ಕ್ಲಾಸು ಬರುತ್ತಿತ್ತು. ಅಪ್ಪ ಪಕ್ಕದ ಮನೆಯ ಮರಿಸಿದ್ದಯ್ಯನ ಎತ್ತನ್ನು, ಮುಂದೆ ನಮ್ಮದನ್ನು ಕೊಡುವ ಮಾತಿನ ಮೇಲೆ, ಮುಯ್ಯಿಗೆ ಕೇಳಿ ತಂದು ಕರಿಯನ ಜೊತೆ ಕಟ್ಟಿ ಉತ್ತ. "ಪಾಪ, ಕೂಸು ತಿರುಗಿ ತಿರುಗಿ ಸೊರಗೋಯ್ತು," ಎನ್ನುತ್ತಿದ್ದ. ಕೂಸಿನ ಕೆನ್ನೆ ಮಾತ್ರ ದಿನದಿಂದ ದಿನಕ್ಕೆ ತುಂಬಿಕೊಳ್ಳುತ್ತಿತ್ತು. ನನಗೆ ಅದು ಅರ್ಥವಾಗುತ್ತಿರಲಿಲ್ಲ.

ಅವನು ಮೈಸೂರಿಗೆ ಹೊರಡುವ ಹಿಂದಿನ ಸಂಜೆ ಎಲ್ಲರೂ ಜಗಲಿಯ ಮೇಲಿದ್ದೆವು. ಅಣ್ಣ ಅಂದು ಕರೆಂಟು ತಯಾರಿಸುವ ಬ್ಲಫ್ಪಿನ ತನಕ ಹೋಗಿ ಹುಡುಕಿದ್ದನ್ನು ಹೇಳುತ್ತಿದ್ದ.

"ಕಾಲುವೆ ಏರಿ ಮ್ಯಾಲೆಲ್ಲ ನೋಡ್ದೆ ಕಣಪ್ಪ. ಕರೆಂಟಿನವ್ರ ಮನೆ ಸಾಲೆಲ್ಲ ಕೇಳ್ದೆ..."

ಅಷ್ಟರಲ್ಲಿ ಬೀದಿಯ ಕಡೆಯಿಂದ ಗಂಟೆ ಕೇಳಿಸಿತು. ಪೀರ್ ಪಾಷಾ ಮಾಲಿಂಗನನ್ನು ಹಿಡಿದುಕೊಂಡು ಬರುತ್ತಿದ್ದ. ಎತ್ತಿನ ಮೈ ತಿಕ್ಕಿ ತೊಳೆದಿತ್ತು, ಕೊಂಬಿಗೆ ಎಣ್ಣೆ ಸವರಿತ್ತು, ಕೊರಳಲ್ಲಿ ಪಾಷಾನದೇ ಒಂದು ಹಿತ್ತಾಳೆ ಗಂಟೆ.

"ಗೌಡ್ರೇ, ಚಿಕ್ಕ ಗೌಡ್ರು ನಾಳೆ ಬಸ್ಸಿಗೆ ಓಯ್ತಾರಂತಲ್ಲ? ಓದು ಮುಗೀತು ಅಂತ ಹೊಡ್ಕೊಂಡ್ ಬಂದೆ. ಮನೇಲಿ ಎತ್ತಿನ ಸದ್ದಾಯ್ತದೆ, ಪರೀಕ್ಷೆ ಗಂಟ ಅಲ್ಲೇ ಇರ್ಲಿ ಅಂತ ಹೇಳಿಕಳ್ಸಿದ್ರಲ್ಲ ನೀವು."

"ಯಾರ ಕೈಲಿ?" ಎಂದ ಅಪ್ಪ.

"ಇವ್ರ ಕೈಲೇ. ಎತ್ತು ಬಂದ ಮಾರನೇ ದಿನಾನೇ. ದಿನಾ ಬಂದು ನೋಡ್ಕಂಡೂ ಓಯ್ತಿದ್ರು. ನಮ್ಮನೆಯೋಳು ಮಹಬೂಬ್ ಬೀ ಊಟಕ್ಕಿಕ್ಕೋಳು. ಉಂಡು ಅಲ್ಲೇ ನೆರಳಲ್ಲಿ ಮಲಗೋರು. ನಾನು ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಡೀತಿದ್ರೂ ಎಚ್ರ ಆಯ್ತಿರ್ನಿಲ್ಲ. ಓದಿ ಓದಿ ಸುಸ್ತಾಗವ್ರೆ ಪಾಪ, ಅನ್ನೋಳು ಅವ್ಳು."

ಮಾಲಿಂಗ ತಲೆ ಕೊಡವಿತು, ಗಂಟೆ ಆಡಿತು. ಅಣ್ಣ ಎದ್ದು ಪಂಚೆ ಸರಿಮಾಡಿಕೊಂಡ.

"ನಾನು ಓದ್ಬೇಕು. ಟೈಮಿಲ್ಲ," ಎಂದು ಒಳಗೆ ಹೋದ.

ಅಪ್ಪ ಬಹಳ ಹೊತ್ತು ಎತ್ತಿನ ಬೆನ್ನು ಸವರಿದ. ಆಮೇಲೆ, "ಊಂ, ನಾನೇ ಹೇಳಿಕಳ್ಸಿದ್ದೆ," ಎಂದು ಪಾಷಾಗೆ ಮಜ್ಜಿಗೆ ತರಿಸಿಕೊಟ್ಟ. ಆ ಮಾತು ಹೇಳುವಾಗ ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಒಳಗೆ ಹೋಗಿ ಅಣ್ಣನ ಪುಸ್ತಕ ಕಿತ್ತು ಎಸೆದೆ. "ನನ್ನ ಬಾಳು ನುಂಗ್ಬುಟ್ಯಲ್ಲೋ! ನಿಂಗೆ ನಾಚ್ಕೆ ಆಗಲ್ವಾ?" ಎಂದು ಕೂಗಿದೆ. ಆ ಮನೆಯಲ್ಲಿ ಅಷ್ಟು ದಿನದ ಮೇಲೆ ಮೊದಲ ಸಲ ಯಾರೋ ಗಟ್ಟಿಯಾಗಿ ಮಾತಾಡಿದ್ದು.

ಅಣ್ಣ ಪುಸ್ತಕ ಎತ್ತಿಕೊಂಡು ಧೂಳು ಒರೆಸಿದ. "ಓದಿ ಫೇಲಾದ್ರೆ ದಡ್ಡ ಅಂತಾರೆ ಕಣ್ಲೇ. ಎತ್ತು ಕಳ್ದು ಓದೋಕಾಗ್ದೆ ಫೇಲಾದ್ರೆ ಪಾಪ ಅಂತಾರೆ," ಎಂದ. ನನಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದ್ದಕ್ಕೆ ಇನ್ನೂ ಸಿಟ್ಟು ಬಂತು.

ಫಲಿತಾಂಶ ಬಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಅಪ್ಪ ಎಲೆಯಡಿಕೆ ಉಗಿದು ಬಂದು ಹೇಳಿದ.

"ಮಣ್ಣಿಗೆ ಒಗ್ನಿಲ್ಲ. ಮದ್ದೂರಿಗೆ ಹೇಳಿಕಳ್ಸನ."

ಅವ್ವ ನನ್ನನ್ನು ನೋಡಿದಳು. ನನ್ನ ಬಾಯಿ ತಾನಾಗಿ ತೆರೆಯಿತು.

"ಅಪ್ಪ, ಮಾಲಿಂಗ ತಪ್ಪುಸ್ಕಂಡ ಅಂತ ಕರಿಯನ್ನ ಮಾರ್ಬುಟ್ಯಾ?"

"ಅದ್ಯಾಕೆ ಮಾರ್ಲಿ? ಅದೇನ್ ಮಾಡಿತ್ತು?"

"ನಾನೇನ್ ಮಾಡಿದ್ದೆ?"

ಮೂಲೆಯಲ್ಲಿದ್ದ ಅಜ್ಜಿ, "ಈಗ ಯೇಳ್ಲಾ ಹೊನ್ನ," ಎಂದಳು. ಅಪ್ಪ ಎದ್ದು ಕೊಟ್ಟಿಗೆಗೆ ಹೋದವನು ಊಟಕ್ಕೂ ಬರಲಿಲ್ಲ. ಮದ್ದೂರಿಗೆ ಯಾರೂ ಹೋಗಲಿಲ್ಲ.

ಸ್ಕೂಲು ತೆರೆಯುವ ಹೊತ್ತಿಗೆ ಒಂದು ಬೆಳಗ್ಗೆ ಅಪ್ಪ ಗಾಡಿ ಕಟ್ಟಿ, "ಬಟ್ಟೆ ಗಂಟು ತಕ್ಕೊ," ಎಂದ. ಅಣ್ಣ ಪಡಸಾಲೆಯಲ್ಲಿ ಮುಂದಿನ ಪರೀಕ್ಷೆಗೆ ಹೊಸ ವೇಳಾಪಟ್ಟಿ ಬರೆಯುತ್ತಿದ್ದ. ಅಪ್ಪ ಗೂಟದಿಂದ ಗಂಟೆ ತೆಗೆದು ಎತ್ತುಗಳ ಕೊರಳಿಗೆ ಕಟ್ಟತೊಡಗಿದಾಗ ಅವನು ಒಳಗಿನಿಂದಲೇ ಕೂಗಿದ.

"ಅಪ್ಪ, ಗಂಟೆ ಬ್ಯಾಡ, ಓದ್ತಾ ಇವ್ನಿ!"

ಅಪ್ಪ ಗಂಟು ಇನ್ನಷ್ಟು ಬಿಗಿದ. "ನನ್ನ ಮಗ್ಳು ಓದೋಕೆ ಓಯ್ತಾ ಅವ್ಳೆ ಕಣ್ಲಾ. ಊರಿಗೆಲ್ಲ ಕೇಳ್ಲಿ."

ಮಳವಳ್ಳಿ ಮುಟ್ಟುವ ತನಕ ಗಂಟೆಗಳು ಆಡುತ್ತಲೇ ಇದ್ದವು. ನಾನು ದಾರಿಯುದ್ದಕ್ಕೂ ಅಳುತ್ತ ಕೂತಿದ್ದೆ. ಆ ಸದ್ದಿನಲ್ಲಿ ಅಪ್ಪನಿಗೆ ಕೇಳಿಸಲಿಲ್ಲ.