ಮತ್ಸ್ಯದೇಶದ ತುರುಗಂಟೆ

ಮತ್ಸ್ಯದೇಶದಲ್ಲಿ ಮನುಷ್ಯರಿಗಿಂತ ಹಸುಗಳೇ ಹೆಚ್ಚು ಎಂದು ನೆರೆರಾಜ್ಯದವರು ಹೊಟ್ಟೆಕಿಚ್ಚು ಪಡುತ್ತಿದ್ದ ಕಾಲದಲ್ಲಿ ನಾನು ಹುಟ್ಟಿದೆ. ರಾಜಧಾನಿಯ ಕಂಚುಗಾರನೊಬ್ಬ ಒಡೆದ ತಟ್ಟೆಗಳನ್ನೂ ಹಳೆಯ ಬಳೆಗಳನ್ನೂ ಕರಗಿಸಿ, ಮಣ್ಣಿನ ಅಚ್ಚಿಗೆ ಎರೆದು ನನ್ನನ್ನು ಮಾಡಿದ. ನಾನೊಂದು ತುರುಗಂಟೆ. ಎರಡು ಬೊಗಸೆ ನೀರು ಹಿಡಿಯುವಷ್ಟು ದೊಡ್ಡ ಹೊಟ್ಟೆ, ಅದರೊಳಗೆ ಕಬ್ಬಿಣದ ನಾಲಗೆ.

ಅರಸನ ಮಂದೆಯನ್ನು ಕಾಯುತ್ತಿದ್ದ ಭದ್ರಕನೆಂಬ ಗೋವಳ ನನ್ನನ್ನು ಕೊಂಡು, ಮೊದಲು ದೇವಿಯ ಗುಡಿಗೆ ಒಯ್ದ. ಅಲ್ಲಿಯ ಗೋವಳರಲ್ಲಿ ಒಂದು ಕಟ್ಟಳೆಯಿತ್ತು. ಮಂದೆಯ ಮುಂದೆ ನಡೆಯುವ ಹಸುವಿನ ಗಂಟೆಯನ್ನು ದೇವಿಯ ಮುಂದಿಟ್ಟು ಪೂಜಿಸಿ ಕಟ್ಟುವರು. ಹಾಗೆ ಕಟ್ಟಿದ ಗಂಟೆಯ ಸದ್ದು ದೇವಿಯದೇ ದನಿ. ಹಸು ಬದುಕಿರುವವರೆಗೆ ಗಂಟೆಯನ್ನು ಬಿಚ್ಚುವಂತಿಲ್ಲ, ಅದರ ಬಾಯಿ ಕಟ್ಟುವಂತಿಲ್ಲ. ನಾನು ಪಾಟಲೆಯೆಂಬ ಕೆಂದ ಹಸುವಿನ ಕೊರಳೇರಿದೆ.

ಆ ದಿನಗಳು ಚೆನ್ನಾಗಿದ್ದವು. ಭದ್ರಕನ ಹೆಂಡತಿ ಕೇತಕಿ ಬುತ್ತಿ ತಂದಾಗಲೆಲ್ಲ ನನ್ನನ್ನು ನೋಡಿ ನಗುತ್ತಿದ್ದಳು.

“ಅಷ್ಟೊತ್ತಿಂದ ಕೂಗ್ತಿದೀನಿ, ನಿಮಗೆ ಕೇಳಿಸಲ್ಲ. ಪಾಟಲೆ ಗಂಟೆ ಮಾತ್ರ ಗುಡ್ಡದಾಚೆಯಿಂದಲೂ ಕೇಳುತ್ತೆ. ನನಗೂ ಒಂದು ಕಟ್ಟಿಬಿಡಿ.”

“ನಿನಗೆ ಕಟ್ಟಿದ್ರೆ ಊರಲ್ಲಿ ಯಾರೂ ಮಲಗೋ ಹಾಗಿಲ್ಲ ಕಣೇ!”

ಒಂದು ಮಧ್ಯಾಹ್ನ ದಕ್ಷಿಣದಲ್ಲಿ ಧೂಳೆದ್ದಿತು. ತುರುಗಳನ್ನು ಹಿಡಿದೊಯ್ಯಲು ನೆರೆರಾಜ್ಯವಾದ ತ್ರಿಗರ್ತದವರ ರಥಗಳು ಬಂದಿದ್ದವು. ಭದ್ರಕನೂ ಕೇತಕಿಯೂ ಮಂದೆಯನ್ನು ಮುಳ್ಳುಪೊದೆಗಳ ಆಳವಾದ ಕೊರಕಲಿಗೆ ಇಳಿಸಿದರು. ಮೇಲಿನಿಂದ ನೋಡಿದವರಿಗೆ ಒಂದು ಬಾಲವೂ ಕಾಣುವಂತಿರಲಿಲ್ಲ. ಕೇತಕಿ ಹಿಡಿ ಹುಲ್ಲು ಕಿತ್ತು ನನ್ನ ಬಳಿ ಬಂದಳು. ಭದ್ರಕ ಅವಳ ಕೈ ಹಿಡಿದ.

“ಏನೇ ಮಾಡ್ತಿದೀಯ? ಮೂರು ತಲೆಮಾರು ಕಾಪಾಡಿದ ತಾಯಿ. ಅವಳ ಬಾಯಿಗೇ ಹುಲ್ಲು ತುರುಕ್ತೀಯಾ?”

“ತಾಯಿಗೆ ಒಂದು ಗಳಿಗೆ ಸುಮ್ಮನಿರೋದು ಗೊತ್ತಿಲ್ವಾ? ನಿಮ್ಮ ಕಾಲು ಹಿಡ್ಕೋತೀನಿ, ಕೈ ಬಿಡಿ.”

“ಅಪಚಾರ ಮಾತಾಡಬೇಡ. ಕರೆದರೆ ಅವಳೇ ಕಾಯ್ತಾಳೆ.”

ಹುಲ್ಲು ಕೆಳಗೆ ಬಿದ್ದಿತು. ಅವನದು ಹುಸಿ ಭಕ್ತಿಯಲ್ಲ. ಅವನ ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ಪಾಟಲೆಯ ಕಿವಿಯ ಮೇಲೆ ನೊಣ ಕುಳಿತಿತು. ಹಸು ತಲೆ ಕೊಡವಿತು. ನಾನು ಮೊಳಗಿದೆ.

ಮೇಲೆ ಹಾದುಹೋಗುತ್ತಿದ್ದ ಗಾಲಿಗಳ ಸದ್ದು ನಿಂತಿತು.

ಭದ್ರಕ ಹೆಂಡತಿಯನ್ನು ಪೊದೆಯೊಳಗೆ ನೂಕಿ, ಕೋಲು ಹಿಡಿದು ಕೊರಕಲಿನ ಬಾಯಿಗೆ ಅಡ್ಡ ನಿಂತ. ಕೋಲು ಎಷ್ಟು ಹೊತ್ತು ಈಟಿಯನ್ನು ತಡೆದೀತು? ಮಂದೆಯೆಲ್ಲ ಅವನ ಹೆಣವನ್ನು ಸುತ್ತಿಬಳಸಿ ನಡೆಯಿತು. ಎಲ್ಲಕ್ಕಿಂತ ಮುಂದೆ ಪಾಟಲೆ, ಅದರ ಕೊರಳಲ್ಲಿ ನಾನು, ಹಬ್ಬದ ದಿನದಂತೆ ಮೊಳಗುತ್ತ.

ಅರಸನ ಸೈನ್ಯ ಯುದ್ಧ ಗೆದ್ದು ತುರುಗಳನ್ನು ಬಿಡಿಸಿತು. ನನ್ನ ಸದ್ದಿನ ಹಿಂದೆಯೇ ಮಂದೆ ಊರಿಗೆ ಮರಳಿತು. “ಗಂಟೆಯೇ ಮಂದೇನ ಮನೆಗೆ ಕರ್ಕೊಂಡು ಬಂತು!” ಎಂದು ಜನ ನನ್ನ ಮೇಲೆ ಹೂ ಎರಚಿದರು. ಅವರ ನಡುವೆ ಗಂಡನ ಕೋಲು ಹಿಡಿದು ಕೇತಕಿ ನಿಂತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಪಾಟಲೆ ಸತ್ತ ಮೇಲೆ ನನ್ನನ್ನು ಗುಡಿಯ ಬಾಗಿಲಲ್ಲಿ ತೂಗುಹಾಕಿದರು. ಬಂದವರಿಗೆಲ್ಲ ಅರ್ಚಕರು ನನ್ನ ಮಹಿಮೆ ಹೇಳುವರು. ಆ ಕಥೆಯಲ್ಲಿ ಭದ್ರಕನಿರಲಿಲ್ಲ. ಕೇಳಿದವರು ಕೈಮುಗಿದು ನನ್ನನ್ನು ಬಾರಿಸುವರು. ಬಾರಿಸಿದಾಗಲೆಲ್ಲ ನಾನು ನಾಚಿ ಕುಗ್ಗುತ್ತಿದ್ದೆ. ಆದರೆ ನಾಚಿಕೆ ಎಷ್ಟಿದ್ದರೇನು, ಗಂಟೆಯ ಬಾಯಿಂದ ಹೊರಡುವುದು ಅದೇ ಇಂಪಾದ ಸದ್ದು.

ಕೇತಕಿ ಅಮಾವಾಸ್ಯೆಗೊಮ್ಮೆ ಬರುವಳು, ನನ್ನನ್ನು ಮುಟ್ಟಳು. ಒಮ್ಮೆ ನೆರೆಮನೆಯವಳು ಕೆಣಕಿದಳು: “ಕೇತಕಕ್ಕಾ, ಗಂಟೆ ಬಾರಿಸದೆ ಒಳಗೆ ಹೋದ್ರೆ ನೀನು ಬಂದದ್ದು ದೇವಿಗೆ ಗೊತ್ತಾಗೋದು ಹೇಗೆ?”

“ಗೊತ್ತಾಗುತ್ತೆ ಕಣಮ್ಮ. ಆವತ್ತು ಪೊದೆಯೊಳಗೆ ನಾನು ಉಸಿರು ಬಿಗಿಹಿಡಿದದ್ದೂ ಅವಳಿಗೆ ಕೇಳಿಸಿದೆ.”

ವರ್ಷಗಳು ಉರುಳಿ, ಸವೆದ ಕೊಂಡಿ ಮುರಿದು ನನ್ನ ನಾಲಗೆ ಕಳಚಿ ಬಿದ್ದಿತು. ಅರ್ಚಕರು ನನ್ನನ್ನು ಕರಗಿಸಲು ಕಳುಹಿಸುವವರಿದ್ದರು. ಆಗ ಕೇತಕಿ, “ನನಗೆ ಕೊಡಿ ಸ್ವಾಮಿ” ಎಂದಳು.

“ನಾಲಗೆ ಇಲ್ಲದ ಗಂಟೆ ನಿನಗ್ಯಾಕಮ್ಮ?”

“ನಾಲಗೆ ಇಲ್ಲ ಅಂತಲೇ ಕೇಳ್ತಿದೀನಿ.”

ಸೆರಗಿನಲ್ಲಿ ಸುತ್ತಿ ಮನೆಗೆ ಒಯ್ದಳು. ಕೊಟ್ಟಿಗೆಯ ಮೂಲೆಯಲ್ಲಿ ಬಾಯಿ ಮೇಲಾಗಿ ನನ್ನನ್ನು ಅರ್ಧ ಹೂತಳು. ಅಲ್ಲಿ ಪಾಟಲೆಯ ಸಂತತಿಯ ಕರುವೊಂದಿತ್ತು, ತಾಯಿಯಿಲ್ಲದ್ದು. ಅವಳು ಎಳೆಯ ಹುಲ್ಲು ತಂದು ನನ್ನೊಳಗೆ ಒತ್ತಿ ತುಂಬಿದಳು. ಕರುವನ್ನು ಮೆಲ್ಲಗೆ ನನ್ನ ಬಳಿಗೆ ತಂದಳು.

ಈಗ ನಾನು ಹಸಿರು ಕಿಲುಬು ಹಿಡಿದ ಮುದಿಗಂಟೆ. ನಾಚಿಕೆ ಹೋಗಿಲ್ಲ, ಹೋಗಲೆಂದು ನಾನು ದೇವಿಯನ್ನು ಬೇಡಿಯೂ ಇಲ್ಲ. ದಿನವೂ ಬೆಳಗ್ಗೆ ಕೇತಕಿ ಬಂದು ನನ್ನ ಬಾಯಿತುಂಬ ಹುಲ್ಲು ತುರುಕುತ್ತಾಳೆ. ಯಾರೂ ಅವಳ ಕೈ ಹಿಡಿಯುವುದಿಲ್ಲ. ಕರು ಮೂತಿಯಿಟ್ಟು ಮೇಯುತ್ತದೆ. ನಾನು ಸುಮ್ಮನಿರುತ್ತೇನೆ.